ಮಾತನ್ನು ಕುರಿತ ಮಾತುಗಳು

ನ್ಯೂಟನ್ನನ ಚಲನನಿಯಮಗಳನ್ನು ಓದದೆ ವಿಜ್ಞಾನದ ತರಗತಿಯನ್ನು ದಾಟಿದ ವಿದ್ಯಾರ್ಥಿ ಯಾವ ದೇಶದಲ್ಲಿಯೂ ಇರಲಾರನು. ಕೈರೋವಿನಲ್ಲಿಯೋ ಡಮಾಸ್ಕಸಿನಲ್ಲಿಯೋ ಓದುವ ಹುಡುಗನು ಅವನ್ನು ‘ಕವಾನೀನ್ ಅಲ್-ಹರಕ’ ಎಂಬ ಹೆಸರಿನಿಂದ ಕಲಿಯುತ್ತಾನೆ. ಕವಾನೀನ್ ಎಂಬುದು ನಮ್ಮ ‘ಕಾನೂನು’ ಎಂಬ ಪದದ ಅರಬ್ಬೀ ಬಹುವಚನ. ಹರಕ ಎಂದರೆ ಚಲನೆ. ಚಲನೆಗೆ ವಿರುದ್ಧವಾದ ನಿಶ್ಚಲಸ್ಥಿತಿಗೆ ಆ ಭಾಷೆಯಲ್ಲಿ ‘ಸುಕೂನ್’ ಎನ್ನುತ್ತಾರೆ. ಇಷ್ಟರಲ್ಲಿ ವಿಶೇಷವೇನೂ ಇಲ್ಲ. ಆದರೆ ಆ ಹುಡುಗನು ಭೌತವಿಜ್ಞಾನದ ಹೆಸರನ್ನೇ ಕೇಳಿರದಿದ್ದ ವಯಸ್ಸಿನಲ್ಲಿ, ಅಕ್ಷರಾಭ್ಯಾಸದ ಮೊದಲ ದಿನಗಳಲ್ಲಿಯೇ, ಈ ಎರಡು ಪದಗಳನ್ನೂ ಕಲಿತಿರುತ್ತಾನೆ. ಅಲ್ಲಿ ಹರಕ ಎಂದರೆ ಸ್ವರಚಿಹ್ನೆ. ಸುಕೂನ್ ಎಂದರೆ ಸ್ವರವಿಲ್ಲದ ವ್ಯಂಜನದ ಮೇಲೆ ಇಡುವ ಸಣ್ಣ ಸೊನ್ನೆ. ಸ್ವರ ಕೂಡಿದ ಅಕ್ಷರವು ‘ಚಲಿಸುವ’ ಅಕ್ಷರ, ಕೂಡದ ಅಕ್ಷರವು ‘ನಿಂತ’ ಅಕ್ಷರ. ನಾವು ‘ಕ’ ಎಂದು ಬರೆಯುವುದು ಅವರ ಲೆಕ್ಕದಲ್ಲಿ ಚಲನೆ. ‘ಕ್’ ಎಂಬುದು ನಿಲುಗಡೆ.

(ಇದೇ ಹರಕ ಪಾರಸಿ ಹಿಂದುಸ್ತಾನಿಗಳ ಮೂಲಕ ಉತ್ತರ ಕರ್ನಾಟಕಕ್ಕೆ ಬಂದು ‘ಹರಕತ್ತು’ ಆಗಿ ‘ಅಡ್ಡಿ’ ಎಂಬ ಅರ್ಥವನ್ನು ತಾಳಿದೆ. ಚಲನೆಯೆಂಬ ಪದವೇ ತಡೆಯೆಂಬ ಪದವಾದುದನ್ನು ನೋಡಿ ‘ಹರಕತ್ತಿಲ್ಲ’ ಎಂದು ಸುಮ್ಮನಿರಬೇಕಷ್ಟೆ.)

ಇದೇ ವಸ್ತುವಿಗೆ ಇಂಗ್ಲಿಷಿನಲ್ಲಿರುವ ಹೆಸರುಗಳು ಬೇರೆ ದಾರಿಯಲ್ಲಿ ಹುಟ್ಟಿದವು. ‘ವವೆಲ್’ ಎಂಬುದು ಲ್ಯಾಟಿನ್ನಿನ ‘ವೋಕಾಲಿಸ್’, ಅಂದರೆ ಕಂಠಧ್ವನಿಯುಳ್ಳದ್ದು. ‘ಕಾನ್ಸೊನೆಂಟ್’ ಎಂದರೆ ಜೊತೆಯಲ್ಲಿ ಧ್ವನಿಸುವುದು. ತಾನಾಗಿ ನಿಲ್ಲಲಾರದೆ ಇನ್ನೊಂದರ ಆಸರೆಯನ್ನು ಬೇಡುವುದು. ನಮ್ಮವರು ಇಟ್ಟ ಹೆಸರು ಸ್ವರ ಮತ್ತು ವ್ಯಂಜನ. ಸ್ವರವು ಸಂಗೀತಕ್ಕೆ ಸೇರಿದ ಪದ; ವ್ಯಂಜನವೆಂದರೆ ಪ್ರಕಟಪಡಿಸುವುದು, ಊಟದ ಎಲೆಯ ಮೇಲಿನ ಪಲ್ಯ ಕೋಸಂಬರಿಗಳೂ ವ್ಯಂಜನಗಳೇ. ಒಂದೇ ವಸ್ತುವನ್ನು ಮೂರು ಜನಾಂಗಗಳು ಮೂರು ಕಡೆಗಳಿಂದ ನೋಡಿದುದು ಈ ಹೆಸರುಗಳಲ್ಲಿ ಉಳಿದಿದೆ. ಮೂವರಲ್ಲಿ ಯಾರು ಕಂಡದ್ದು ಸರಿ ಎಂಬ ಪ್ರಶ್ನೆಗೆ ಶಬ್ದಕೋಶವು ಉತ್ತರ ಹೇಳಲಾರದು. ಶಬ್ದಶಾಸ್ತ್ರದ ಪ್ರಯೋಗಶಾಲೆ ಸ್ವಲ್ಪಮಟ್ಟಿಗೆ ಹೇಳಬಲ್ಲುದು.

ಮಾತನಾಡುವಾಗ ಗಂಟಲಿನ ಧ್ವನಿಪೆಟ್ಟಿಗೆಯಲ್ಲಿರುವ ಎರಡು ಸ್ವರತಂತುಗಳು ಕಂಪಿಸುತ್ತವೆ. ವಯಸ್ಕ ಗಂಡಸಿನಲ್ಲಿ ಈ ಕಂಪನಗಳು ಸೆಕೆಂಡಿಗೆ ಸುಮಾರು 100ರಿಂದ 150. ಹೆಂಗಸಿನಲ್ಲಿ 200ಕ್ಕೂ ಹೆಚ್ಚು. ಆದರೆ ಅಲ್ಲಿ ಹುಟ್ಟುವುದು ಮಾತಲ್ಲ, ಬರಿಯ ಗುಂಯ್‌ಗುಟ್ಟುವಿಕೆ. ಅದಕ್ಕೆ ಅ, ಇ, ಉ ಎಂಬ ಬಣ್ಣವನ್ನು ಕೊಡುವುದು ಗಂಟಲಿನಿಂದ ತುಟಿಯವರೆಗೆ ಇರುವ ಗಾಳಿಯ ಕೊಳವೆ. ಅದರ ಉದ್ದ ಗಂಡಸಿನಲ್ಲಿ ಸುಮಾರು 17.5 ಸೆಂಟಿಮೀಟರ್. ಒಂದು ಕೊನೆ ಮುಚ್ಚಿ ಇನ್ನೊಂದು ಕೊನೆ ತೆರೆದಿರುವ ಕೊಳವೆಯ ಮೂಲ ಅನುರಣನವು ಅದರ ಉದ್ದದ ನಾಲ್ಕರಷ್ಟು ಅಲೆಯುದ್ದಕ್ಕೆ ಸಲ್ಲುತ್ತದೆಂಬುದನ್ನು ವಿದ್ಯಾರ್ಥಿಗಳು ಅನುರಣನ ನಳಿಕೆಯ ಪ್ರಯೋಗದಲ್ಲಿ ಕಂಡಿದ್ದಾರೆ. ಬಾಯೊಳಗಿನ ಬೆಚ್ಚನೆಯ ತೇವದ ಗಾಳಿಯಲ್ಲಿ ಶಬ್ದದ ವೇಗ ಸೆಕೆಂಡಿಗೆ ಸುಮಾರು 350 ಮೀಟರ್. 350ನ್ನು 0.7ರಿಂದ ಭಾಗಿಸಿದರೆ 500 ಬರುತ್ತದೆ. ಮುಂದಿನ ಅನುರಣನಗಳು ಇದರ ಮೂರರಷ್ಟು, ಐದರಷ್ಟು: 1500, 2500. ನಾಲಗೆಯನ್ನು ಎತ್ತಲೂ ಇಲ್ಲದೆ ಇಳಿಸಲೂ ಇಲ್ಲದೆ ಸುಮ್ಮನೆ ‘ಅ’ ಎಂದು ಉಸುರಿದಾಗ ನಮ್ಮ ಬಾಯಿ ಹೆಚ್ಚು ಕಡಿಮೆ ಇಂಥ ಸಮನಾದ ಕೊಳವೆ.

ನಾಲಗೆ, ದವಡೆ, ತುಟಿಗಳು ಸರಿದರೆ ಕೊಳವೆಯ ಆಕಾರ ಬದಲಾಗುತ್ತದೆ. ಅದರೊಡನೆ ಅನುರಣನಗಳೂ ಸರಿಯುತ್ತವೆ. ನ್ಯೂಟನ್ನನೇ ಯುವಕನಾಗಿದ್ದಾಗ ಇದರ ಒಂದು ಸುಳಿವನ್ನು ಹಿಡಿದಿದ್ದನು. ಆಳವಾದ ಪಾತ್ರೆಯೊಂದಕ್ಕೆ ಒಂದೇ ಧಾರೆಯಾಗಿ ದ್ರವವನ್ನು ಸುರಿಯುತ್ತಿದ್ದರೆ ಅದರಿಂದ ಹೊರಡುವ ಧ್ವನಿಯು ಉಕಾರದ ಕಡೆಯಿಂದ ಆರಂಭವಾಗಿ ಒ, ಅ, ಎ ಎಂದು ದಾಟುತ್ತ ಇಕಾರದ ಕಡೆಗೆ ಏರುತ್ತದೆ ಎಂದು ಆತನು ತನ್ನ ಟಿಪ್ಪಣಿ ಪುಸ್ತಕದಲ್ಲಿ ಗುರುತುಮಾಡಿದ್ದಾನೆ. ಕೊಡಕ್ಕೆ ನಲ್ಲಿಯ ನೀರು ತುಂಬುವಾಗ ಯಾರು ಬೇಕಾದರೂ ಇದನ್ನು ಪರೀಕ್ಷಿಸಬಹುದು. ಇನ್ನೂ ಸುಲಭವಾದ ಪರೀಕ್ಷೆಯೊಂದುಂಟು: ಉಸಿರು ಬಿಡದೆ, ಬಾಯನ್ನು ಮಾತ್ರ ಉ, ಅ, ಇ ಎಂಬ ಆಕಾರಗಳಿಗೆ ತಂದು, ಗಂಟಲಿನ ಪಕ್ಕವನ್ನು ಬೆರಳಿನಿಂದ ಮೆಲ್ಲಗೆ ಮೀಟಿ ನೋಡಿ. ಸ್ವರತಂತುಗಳು ಸುಮ್ಮನಿದ್ದರೂ ಮೀಟಿದ ಸದ್ದಿನ ಶ್ರುತಿ ಬದಲಾಗುತ್ತದೆ.

ಅರಬ್ಬಿಯಲ್ಲಿ ಹ್ರಸ್ವಸ್ವರಗಳು ಮೂರೇ. ಅಕಾರಕ್ಕೆ ‘ಫತ್ಹ’, ಅಂದರೆ ತೆರೆಯುವಿಕೆ. ಉಕಾರಕ್ಕೆ ‘ದಮ್ಮ’, ಅಂದರೆ ಕೂಡಿಸುವಿಕೆ. ತುಟಿಗಳು ಒಂದೆಡೆ ಕೂಡುವುದನ್ನು ನೋಡಿ ಇಟ್ಟ ಹೆಸರು. ಇಕಾರಕ್ಕೆ ‘ಕಸ್ರ’, ಅಂದರೆ ಮುರಿಯುವಿಕೆ. ಕಿವಿಗೆ ಕೇಳುವುದನ್ನು ಬಿಟ್ಟು ಕಣ್ಣಿಗೆ ಕಾಣುವ ಚಲನೆಯನ್ನೇ ಹೆಸರಿಸಿದ್ದಾರೆ. 1952ರಲ್ಲಿ ಪೀಟರ್ಸನ್ ಮತ್ತು ಬಾರ್ನೆ ಎಂಬ ಇಬ್ಬರು ಅಮೆರಿಕದವರ ಸ್ವರಗಳನ್ನು ಅಳೆದರು. ಅವರ ಲೆಕ್ಕದಂತೆ ಗಂಡಸರಲ್ಲಿ ಮೊದಲ ಎರಡು ಅನುರಣನಗಳು ಈಕಾರಕ್ಕೆ 270 ಮತ್ತು 2290, ಆಕಾರಕ್ಕೆ 730 ಮತ್ತು 1090, ಊಕಾರಕ್ಕೆ 300 ಮತ್ತು 870. ಈ ಜೋಡಿಗಳನ್ನು ಗ್ರಾಫ್ ಕಾಗದದ ಮೇಲೆ ಗುರುತಿಸಿದರೆ ಒಂದು ತ್ರಿಕೋನವಾಗುತ್ತದೆ. ಬೇರೆ ಸ್ವರಗಳಲ್ಲಿ ಹಲವು ಅದರ ಒಳಗೋ ಅಂಚಿನ ಹತ್ತಿರವೋ ಬೀಳುತ್ತವೆ. ಮೂರೇ ಸ್ವರಗಳಲ್ಲಿ ಸಂಸಾರ ನಡೆಸಬೇಕಾದ ಭಾಷೆಯು ತ್ರಿಕೋನದ ಮೂರು ಮೂಲೆಗಳನ್ನು ಹಿಡಿದುಕೊಂಡಿರುವುದು ಎಷ್ಟು ಜಾಣತನವೆಂಬುದು ಚಿತ್ರವನ್ನು ಬರೆದು ನೋಡಿದವರಿಗೆ ಹೊಳೆಯುತ್ತದೆ.

‘ಚಲಿಸುವ ಅಕ್ಷರ’ ಎಂಬ ಮಾತಿಗೂ ಪ್ರಯೋಗದ ಬೆಂಬಲ ದೊರೆತಿದೆ. 1950ರ ದಶಕದಲ್ಲಿ ಅಮೆರಿಕದ ಹ್ಯಾಸ್ಕಿನ್ಸ್ ಪ್ರಯೋಗಾಲಯದವರು ಮಾತಿನ ಚಿತ್ರಗಳನ್ನು ಕೈಯಿಂದ ಬರೆದು ಅವನ್ನು ಯಂತ್ರದಿಂದ ಧ್ವನಿಯಾಗಿ ಮಾಡಿ ಕೇಳಿದರು. ಬ, ಡ, ಗ ಎಂಬ ವ್ಯಂಜನಗಳನ್ನು ಕಿವಿಯು ಬಹುಮಟ್ಟಿಗೆ ಗುರುತಿಸುವುದು ಮುಂದಿನ ಸ್ವರದ ಅನುರಣನಗಳು ಮೊದಲ ಕೆಲವು ಹತ್ತು ಮಿಲಿಸೆಕೆಂಡುಗಳಲ್ಲಿ ಹೇಗೆ ಏರುತ್ತವೆ ಅಥವಾ ಇಳಿಯುತ್ತವೆ ಎಂಬುದರಿಂದ, ಎಂದು ತಿಳಿದುಬಂತು. ವ್ಯಂಜನದ ಗುರುತು ಅದರ ನಿಲುಗಡೆಯಲ್ಲಿಲ್ಲ. ಅಲ್ಲಿಂದ ಬಾಯಿ ಹೊರಡುವ ಚಲನೆಯಲ್ಲಿದೆ. ಹಿಂದಿನ ಅರಬ್ಬೀ ವೈಯಾಕರಣರಿಗೆ ಇದು ತಿಳಿದಿತ್ತೆಂದು ಹೇಳುವುದು ಅತಿಯಾದೀತು. ಹಳೆಯ ಪದವೊಂದರೊಳಗೆ ಹೊಸ ವಿಜ್ಞಾನವನ್ನೆಲ್ಲ ತುಂಬಿ ನೋಡುವ ಚಟ ನಮ್ಮಲ್ಲಿಯೂ ಬೇಕಾದಷ್ಟಿದೆ. ಅವರಿಗೆ ತಿಳಿದಿದ್ದುದು ಬಾಯಿಯ ಕೆಲಸ. ಅದನ್ನು ಮಾತ್ರ ಅವರು ಬಹು ಸೂಕ್ಷ್ಮವಾಗಿ ಗಮನಿಸಿದ್ದರು.

ಬಸ್ರಾ ನಗರದ ಖಲೀಲ್ ಎಂಬ ಪಂಡಿತನು 8ನೆಯ ಶತಮಾನದಲ್ಲಿ ಅರಬ್ಬಿಗೆ ಮೊದಲ ನಿಘಂಟನ್ನು ಯೋಜಿಸಿದಾಗ ಪದಗಳನ್ನು ಅಲಿಫ್, ಬೇ ಎಂಬ ರೂಢಿಯ ಕ್ರಮದಲ್ಲಿ ಜೋಡಿಸಲಿಲ್ಲ. ಗಂಟಲಿನ ಆಳದಲ್ಲಿ ಹುಟ್ಟುವ ‘ಐನ್’ ಎಂಬ ಅಕ್ಷರದಿಂದ ಆರಂಭಿಸಿ, ನಾಲಗೆಯ ಬುಡ, ನಡು, ತುದಿಗಳನ್ನು ದಾಟಿ, ತುಟಿಯ ಅಕ್ಷರಗಳವರೆಗೆ ನಡೆದನು. ಪುಸ್ತಕಕ್ಕೆ ‘ಐನಿನ ಗ್ರಂಥ’ ಎಂದೇ ಹೆಸರಾಯಿತು. ಕವರ್ಗದಿಂದ ಪವರ್ಗದವರೆಗೆ ಕಂಠದಿಂದ ತುಟಿಗೆ ಬರುವ ನಮ್ಮ ವರ್ಣಮಾಲೆಯನ್ನು ಬಲ್ಲವರಿಗೆ ಇದು ಪರಿಚಿತವಾದ ದಾರಿ. ಬಸ್ರಾವು ಸಮುದ್ರವ್ಯಾಪಾರದ ಪಟ್ಟಣವಾದುದರಿಂದ ಈ ಕ್ರಮವು ಭಾರತದಿಂದ ಹೋಗಿರಬಹುದೆಂದು ಊಹಿಸಿದವರುಂಟು. ಆಧಾರ ಸಾಲದು, ಒಂದೇ ಬಾಯನ್ನು ಪರೀಕ್ಷಿಸಿದ ಇಬ್ಬರು ಒಂದೇ ಕ್ರಮಕ್ಕೆ ಬಂದುದೂ ಅಸಂಭವವಲ್ಲ.

ಅರಬ್ಬಿಯಲ್ಲಿ ಅಕ್ಷರಕ್ಕೆ ‘ಹರ್ಫ್’ ಎಂದು ಹೆಸರು. ಅದರ ಮೂಲಾರ್ಥ ಅಂಚು, ಕೊನೆ. ಧ್ವನಿಯ ಧಾರೆಯು ಬಾಯೊಳಗೆ ಎಲ್ಲಿ ತಡೆಯಲ್ಪಡುತ್ತದೆಯೋ ಅಲ್ಲಿ ಅಕ್ಷರ ಹುಟ್ಟುತ್ತದೆ ಎಂದು ವೈಯಾಕರಣರು ವಿವರಿಸಿದರು. 1002ರಲ್ಲಿ ತೀರಿಕೊಂಡ ಇಬ್ನ್ ಜಿನ್ನೀ ಎಂಬಾತನು ಇದಕ್ಕೆ ಒಳ್ಳೆಯ ಹೋಲಿಕೆಯನ್ನು ಕೊಟ್ಟಿದ್ದಾನೆ: ಗಂಟಲು ಬಾಯಿಗಳು ಒಂದು ಕೊಳಲಿನಂತೆ, ವಾದಕನು ತೂತುಗಳ ಮೇಲೆ ಬೆರಳಿಟ್ಟಂತೆಲ್ಲ ಒಂದೇ ಉಸಿರು ಬೇರೆ ಬೇರೆ ನಾದವಾಗುತ್ತದೆ. ತಂತಿವಾದ್ಯದ ಮೇಲೆ ಬೆರಳನ್ನು ಅಲ್ಲಲ್ಲಿ ಒತ್ತುವುದನ್ನೂ ಆತನು ಹೋಲಿಕೆಗೆ ತರುತ್ತಾನೆ. ಅವನಿಗಿಂತ ಸ್ವಲ್ಪ ಕಿರಿಯನಾದ ಇಬ್ನ್ ಸೀನಾ (980–1037), ಯೂರೋಪಿನವರು ಅವಿಸೆನ್ನ ಎಂದು ಕರೆದ ಮಹಾವೈದ್ಯ, ಅಕ್ಷರಗಳು ಹುಟ್ಟುವ ಕಾರಣಗಳನ್ನು ಕುರಿತು ಒಂದು ಪುಟ್ಟ ಪ್ರಬಂಧವನ್ನೇ ಬರೆದನು. ಶಬ್ದಕ್ಕೆ ಕಾರಣ ಗಾಳಿಯಲ್ಲಿ ಒಮ್ಮೆಲೇ ಏಳುವ ಅಲೆ ಎಂದು ಆರಂಭಿಸಿ, ಧ್ವನಿಪೆಟ್ಟಿಗೆಯ ಮೃದ್ವಸ್ಥಿಗಳನ್ನೂ ನಾಲಗೆಯ ಸ್ನಾಯುಗಳನ್ನೂ ವರ್ಣಿಸಿ, ಕೊನೆಗೆ ಮಾತಿನ ಅಕ್ಷರಗಳಂಥ ಸದ್ದುಗಳು ಮಾತಿಲ್ಲದ ವಸ್ತುಗಳಿಂದಲೂ ಹುಟ್ಟುವುದನ್ನು ವಿಚಾರಮಾಡುತ್ತಾನೆ. ಇಂದಿನ ಭೌತವಿಜ್ಞಾನಿಯು ಕೈಯಲ್ಲಿ ಹಿಡಿದರೆ ಕೂಡಲೆ ಕೆಳಗಿಡಲಾರದಂಥ ಗ್ರಂಥವದು.

ಅರಬ್ಬಿಯಲ್ಲಿ ನಾಲ್ಕು ವಿಲಕ್ಷಣವಾದ ವ್ಯಂಜನಗಳಿವೆ: ಸಾದ್, ದಾದ್, ತಾ, ಜಾ. ಇವುಗಳ ಗುಣಕ್ಕೆ ‘ಇತ್ಬಾಕ್’ ಎಂದರು. ಮುಚ್ಚಳ ಹಾಕುವುದು ಎಂದು ಅದರ ಅರ್ಥ. ನಾಲಗೆಯ ತುದಿ ಹಲ್ಲಿನ ಹತ್ತಿರ ಕೆಲಸ ಮಾಡುತ್ತಿರುವಾಗಲೇ ಅದರ ಹಿಂಭಾಗವು ಗಂಟಲಿನ ಕಡೆಗೆ ಸರಿದು ದಾರಿಯನ್ನು ಇಕ್ಕಟ್ಟುಮಾಡುತ್ತದೆ. ಎರಡನೆಯ ಅನುರಣನ ಕೆಳಗಿಳಿದು ಪಕ್ಕದ ಸ್ವರಕ್ಕೆಲ್ಲ ಒಂದು ದಪ್ಪನೆಯ ಬಣ್ಣ ಬರುತ್ತದೆ. ಇವುಗಳಲ್ಲಿ ದಾದ್ ಅತಿ ವಿರಳವೆಂದು ಎಣಿಸಿ ಅರಬ್ಬರು ತಮ್ಮ ನುಡಿಯನ್ನು ‘ದಾದಿನ ಭಾಷೆ’ ಎಂದೇ ಕರೆದುಕೊಂಡರು. ಈ ಅಕ್ಷರವನ್ನು ಪಾರಸಿಯವರು ಉಚ್ಚರಿಸಲಾರದೆ ಜ಼ಕಾರವಾಗಿ ಮಾಡಿಕೊಂಡರು. ಜ಼ಕಾರವು ಕನ್ನಡದ ಬಾಯಲ್ಲಿ ಜಕಾರವಾಯಿತು. ಅರಬ್ಬಿಯ ‘ಹಾದಿರ್’ ನಮ್ಮ ‘ಹಾಜರು’, ‘ಅರ್ದ್’ ಎಂಬುದು ‘ಅರ್ಜಿ’, ‘ಕಾದೀ’ ಎಂಬಾತನು ‘ಖಾಜಿ’. ಪ್ರತಿದಿನವೂ ತರಗತಿಯಲ್ಲಿ ಹಾಜರಿ ಕೂಗುವಾಗ ಅರಬ್ಬರು ಹೆಮ್ಮೆಪಡುವ ಅಕ್ಷರವೊಂದರ ಅವಶೇಷವನ್ನು ನಾವು ನಲವತ್ತು ಐವತ್ತು ಸಲ ಉಚ್ಚರಿಸುತ್ತೇವೆ.

ಇನ್ನು ಪಿಸುಮಾತಿಗೆ ಬರೋಣ. ಪಾರಸೀಕ ಮೂಲದ ಸೀಬವೈಹಿ ಎಂಬ ವೈಯಾಕರಣನು 8ನೆಯ ಶತಮಾನದ ಕೊನೆಯಲ್ಲಿ ಅರಬ್ಬೀ ವ್ಯಂಜನಗಳನ್ನು ‘ಮಜ್‌ಹೂರ್’ ಮತ್ತು ‘ಮಹ್‌ಮೂಸ್’ ಎಂದು ಎರಡಾಗಿ ವಿಂಗಡಿಸಿದನು. ಮೊದಲನೆಯದು ಬಹಿರಂಗವಾಗಿ ನುಡಿದುದು, ಎರಡನೆಯದು ಪಿಸುಗುಟ್ಟಿದುದು. ಸ್ಥೂಲವಾಗಿ ಹೇಳುವುದಾದರೆ ನಮ್ಮ ಘೋಷ, ಅಘೋಷ ವರ್ಣಗಳ ವಿಭಾಗವೇ ಇದು, ಒಂದೆರಡು ಅಕ್ಷರಗಳಲ್ಲಿ ಮಾತ್ರ ವ್ಯತ್ಯಾಸ. ಪಿಸುಗುಟ್ಟುವಾಗ ಸ್ವರತಂತುಗಳು ಕಂಪಿಸುವುದಿಲ್ಲ. ಅವುಗಳ ನಡುವೆ ನುಸುಳುವ ಗಾಳಿಯ ಗೊಂದಲವೇ ಧ್ವನಿಯ ಮೂಲವಾಗುತ್ತದೆ. ಅನುರಣನಗಳು ಮಾತ್ರ ಮೊದಲಿನಂತೆಯೇ ಇರುತ್ತವೆ; ಆದುದರಿಂದಲೇ ಪಿಸುಮಾತು ಅರ್ಥವಾಗುತ್ತದೆ. ‘ಗಡಿ’, ‘ಕಡಿ’ ಎಂಬ ಎರಡು ಪದಗಳನ್ನು ಗೆಳೆಯನ ಕಿವಿಯಲ್ಲಿ ಪಿಸುಗುಟ್ಟಿ, ಅವನು ಎಷ್ಟು ಸಲ ಸರಿಯಾಗಿ ಗುರುತಿಸುತ್ತಾನೆಂದು ಎಣಿಸಿ ನೋಡಿ. ಕಂಪನವೇ ಇಲ್ಲದ ಮೇಲೆ ಘೋಷಕ್ಕೂ ಅಘೋಷಕ್ಕೂ ಇರುವ ಮುಖ್ಯವಾದ ಅಂತರ ಅಳಿಸಿಹೋಗುತ್ತದೆ.

ಪಿಸುಮಾತಿಗೆ ಇರುವ ಪದಗಳಾದರೂ ಎಂಥವು? ಇಂಗ್ಲಿಷಿನ ‘ವಿಸ್ಪರ್’, ಅರಬ್ಬಿಯ ‘ಹಮ್ಸ್’, ‘ವಸ್ವಸ’, ‘ವಶ್ವಶ’, ಕನ್ನಡದ ‘ಪಿಸುಪಿಸು’, ‘ಗುಸುಗುಸು’. ಸಕಾರ ಶಕಾರಗಳು ಎಲ್ಲದರಲ್ಲಿಯೂ ಸುಳಿದಾಡುತ್ತವೆ. ಸಕಾರದಲ್ಲಿರುವುದು ಗಾಳಿಯ ಸೀಳಿನ ಸದ್ದೊಂದೇ. ಪಿಸುಮಾತಿನ ಮೂಲದ್ರವ್ಯವೂ ಅದೇ. ಮೂರು ಭಾಷೆಗಳ ಸಾಕ್ಷ್ಯದಿಂದ ನಿಯಮವನ್ನು ಕಟ್ಟಬಾರದೆಂಬುದು ನಿಜ, ಆದರೂ ಇದು ಬರಿಯ ಆಕಸ್ಮಿಕವೆಂದು ನನಗೆ ತೋರುವುದಿಲ್ಲ. ಅರಬ್ಬಿಯಲ್ಲಿ ಒಡವೆಗಳು ಕಿಣಿಗುಟ್ಟುವುದಕ್ಕೂ ‘ವಸ್ವಾಸ್’ ಎನ್ನುತ್ತಾರೆ. ಮನಸ್ಸಿನಲ್ಲಿ ಮತ್ತೆ ಮತ್ತೆ ಕಾಡುವ ಸಂಶಯಕ್ಕೂ ಅದೇ ಪದ, ಇಂದಿನ ಅರಬ್ಬೀ ಮನೋವೈದ್ಯರೂ ಅದನ್ನೇ ಬಳಸುತ್ತಾರೆ. ಒಂದೇ ಸದ್ದನ್ನು ಎರಡು ಸಲ ಹೇಳಿ ಕ್ರಿಯಾಪದ ಮಾಡುವ ಪದ್ಧತಿ ಅರಬ್ಬಿಗೂ ಕನ್ನಡಕ್ಕೂ ಸಮಾನ: ಅವರ ‘ಹಮ್‌ಹಮ’, ‘ಗಮ್‌ಗಮ’, ‘ಗರ್‌ಗರ’ಗಳ ಪಕ್ಕದಲ್ಲಿ ನಮ್ಮ ಗೊಣಗೊಣ, ವಟವಟ, ಗೊರಗೊರಗಳನ್ನು ಇಡಬಹುದು. ಇಂಗ್ಲಿಷು ಈ ಪುನರಾವರ್ತನೆಯನ್ನು ಪದದ ಬಾಲದಲ್ಲಿ ಬಚ್ಚಿಟ್ಟಿದೆ. ಮಂಬಲ್, ಬ್ಯಾಬಲ್, ಮಟರ್, ಚ್ಯಾಟರ್ ಎಂಬ ಪದಗಳ ಕೊನೆಯ ಲಕಾರ ರಕಾರಗಳು ಒಂದೇ ಕೆಲಸವನ್ನು ಮತ್ತೆ ಮತ್ತೆ ಮಾಡುವುದನ್ನು ಸೂಚಿಸುವ ಹಳೆಯ ಪ್ರತ್ಯಯಗಳು. ‘ಗಿಬರಿಷ್’ ಎಂಬ ಪದವನ್ನು ಜಾಬಿರ್ ಎಂಬ ಅರಬ್ಬೀ ರಸವಾದಿಯ ಹೆಸರಿಗೆ ಗಂಟುಹಾಕುವುದುಂಟು. 1755ರಲ್ಲಿ ತನ್ನ ನಿಘಂಟನ್ನು ಪ್ರಕಟಿಸಿದ ಡಾಕ್ಟರ್ ಜಾನ್ಸನ್ನನೇ ಈ ಊಹೆಗೆ ಬಲಿಯಾದನು. ಅದೂ ಬ್ಯಾಬಲ್‌ನ ಹಾಗೆ ಸದ್ದಿನ ಅನುಕರಣೆಯೆಂಬುದೇ ಹೆಚ್ಚು ನಂಬತಕ್ಕುದು.

ಭಾಷೆಯೆಂಬುದಕ್ಕೆ ಹೆಚ್ಚಿನ ಜನಾಂಗಗಳು ನಾಲಗೆಯ ಹೆಸರನ್ನೇ ಇಟ್ಟಿವೆ. ‘ಲ್ಯಾಂಗ್ವೇಜ್’ ಎಂಬುದು ಲ್ಯಾಟಿನ್ನಿನ ‘ಲಿಂಗ್ವ’ದಿಂದ ಬಂದಿತು, ಅದರ ಅರ್ಥ ನಾಲಗೆ, ಇಂಗ್ಲಿಷಿನ ‘ಟಂಗ್’ ಅದರ ದೂರದ ದಾಯಾದಿ. ಅರಬ್ಬಿಯ ‘ಲಿಸಾನ್’ ಕೂಡ ನಾಲಗೆಯೂ ಹೌದು, ಭಾಷೆಯೂ ಹೌದು. ಇಬ್ನ್ ಮಂಜೂರ್ 1290ರಲ್ಲಿ ಮುಗಿಸಿದ ಮಹಾನಿಘಂಟಿಗೆ ‘ಅರಬ್ಬರ ನಾಲಗೆ’ ಎಂದೇ ಹೆಸರು. ಉಚ್ಚರಿಸಿದ ಪದಕ್ಕೆ ಅರಬ್ಬಿಯಲ್ಲಿ ‘ಲಫ್ಜ್’. ಮೂಲದಲ್ಲಿ ಅದು ಬಾಯಿಂದ ಹೊರಕ್ಕೆ ಎಸೆದುದು. ಇಂಗ್ಲಿಷಿನ ‘ಅಟರ್’ ಎಂಬ ಕ್ರಿಯಾಪದವೂ ‘ಔಟ್’ ಎಂಬುದರ ಸಂಬಂಧಿ, ಹೊರಗೆ ಹಾಕುವುದೆಂದೇ ಅದರ ಅರ್ಥ. ‘ನುತ್ಕ್’ ಎಂದರೆ ನುಡಿಯುವ ಶಕ್ತಿ. ಅದರಿಂದಲೇ ತರ್ಕಶಾಸ್ತ್ರಕ್ಕೆ ‘ಮಂತಿಕ್’ ಎಂದು ಹೆಸರಾಯಿತು. ಮಾತನ್ನೂ ವಿಚಾರವನ್ನೂ ಒಂದೇ ಪದದಲ್ಲಿ ಅಡಗಿಸಿದ ಗ್ರೀಕರ ‘ಲೋಗೋಸ್’ ಇಂಗ್ಲಿಷಿಗೆ ‘ಲಾಜಿಕ್’ ಎಂಬುದನ್ನು ಕೊಟ್ಟಂತೆ ಇದು.

ಸ್ಫುಟವಾದ ಮಾತಿಗೆ ಅರಬ್ಬಿಯಲ್ಲಿ ‘ಫಸೀಹ್’ ಎಂಬ ವಿಶೇಷಣವಿದೆ. ಈ ಪದ ಹಾಲಿಗೂ ಸಲ್ಲುತ್ತದೆ. ಕರೆದ ಹಾಲಿನ ಮೇಲೆ ನೊರೆ ಕಟ್ಟಿರುತ್ತದಷ್ಟೆ. ಆ ನೊರೆಯೆಲ್ಲ ಇಳಿದು ಕೆಳಗಿನ ಹಾಲು ತಾನಾಗಿ ಕಾಣಿಸಿಕೊಂಡರೆ ಅದು ಫಸೀಹ್. ಮರುಭೂಮಿಯ ದನಗಾಹಿಗಳು ಮಾತಿನ ಗುಣವನ್ನು ಹೇಳಲು ಆರಿಸಿಕೊಂಡ ಹೋಲಿಕೆಯಿದು. ಹಳ್ಳಿಯ ಮನೆಯಲ್ಲಿ ಬೆಳೆದ ನಮ್ಮ ವಿದ್ಯಾರ್ಥಿಗೆ ವಿವರಣೆ ಬೇಕಾಗಲಾರದು. ವಾಗ್ಮಿತೆಗೆ ‘ಬಲಾಗ’ ಎನ್ನುತ್ತಾರೆ, ಅಂದರೆ ತಲುಪುವಿಕೆ: ಆಡಿದುದು ಕೇಳುವವನ ಮನಸ್ಸನ್ನು ಮುಟ್ಟಬೇಕು. ಗ್ರಂಥಗಳ ಶಿಷ್ಟ ಅರಬ್ಬಿಗೆ ಇಂದಿಗೂ ‘ಫುಸ್‌ಹಾ’ ಎಂದೂ, ಮನೆಯ ಆಡುನುಡಿಗೆ ‘ಆಮ್ಮಿಯ್ಯ’ ಎಂದೂ ಹೆಸರು. ಒಂದೇ ಸಮಾಜದಲ್ಲಿ ಹೀಗೆ ಎರಡು ಸ್ತರಗಳ ಭಾಷೆ ನಡೆಯುವುದನ್ನು 1959ರಲ್ಲಿ ಫರ್ಗುಸನ್ ಎಂಬ ಅಮೆರಿಕದ ಭಾಷಾಶಾಸ್ತ್ರಜ್ಞನು ವಿವರಿಸಿದಾಗ ಅವನ ನಾಲ್ಕು ಉದಾಹರಣೆಗಳಲ್ಲಿ ಅರಬ್ಬಿಯೂ ಒಂದಾಗಿತ್ತು.

ನೊರೆಯಿಲ್ಲದ ಹಾಲಿನ ಹೋಲಿಕೆ ಸೊಗಸಾಗಿದೆ. ಆದರೆ ಅದರ ಹಿಂದೆಯೇ ಒಂದು ತೀರ್ಪೂ ಬರುತ್ತದೆ. ನನ್ನ ಮಾತು ತಿಳಿಹಾಲಾದರೆ ನಿನ್ನದು ನೊರೆ ಎಂದಂತಾಯಿತಲ್ಲವೆ? ಅರಬ್ಬರಲ್ಲದವರನ್ನು ಅರಬ್ಬರು ‘ಅಜಮ್’ ಎಂದು ಕರೆದರು. ಮಾತು ಅಸ್ಪಷ್ಟವಾಗಿರುವವರು ಎಂದು ಅದರ ಭಾವ. ಹೆಚ್ಚಾಗಿ ಪಾರಸಿಯವರಿಗೆ ಈ ಹೆಸರು ಅಂಟಿಕೊಂಡಿತು. ಅದೇ ಮೂಲದಿಂದ ‘ಅಜ್ಮಾ’ ಎಂದರೆ ಪಶು. ನಾವು ಮೂಕಪ್ರಾಣಿ ಎನ್ನುವುದಿಲ್ಲವೆ, ಹಾಗೆ. ಗ್ರೀಕರು ಪರಕೀಯರ ಮಾತನ್ನು ‘ಬರ್ ಬರ್’ ಎಂದು ಅಣಕಿಸಿ ಅವರನ್ನು ‘ಬಾರ್ಬರೋಸ್’ ಎಂದರು. ಇಂಗ್ಲಿಷಿನ ‘ಬಾರ್ಬೇರಿಯನ್’ ಅಲ್ಲಿಂದ ಬಂದುದು. ಸ್ಲಾವ್ ಜನರು ನೆರೆಯ ಜರ್ಮನರಿಗೆ ‘ಮೂಗರು’ ಎಂಬ ಅರ್ಥದ ‘ನೆಮ್ತ್ಸಿ’ ಎಂಬ ಹೆಸರನ್ನಿಟ್ಟರು. ಆ ಹೆಸರು ತುರ್ಕರ ಬಾಯಿಂದ ಅರಬ್ಬಿಗೆ ದಾಟಿ ಇಂದಿಗೂ ಅಲ್ಲಿ ಆಸ್ಟ್ರಿಯ ದೇಶದ ಹೆಸರು ‘ಅನ್-ನಿಮ್ಸಾ’. ಮೊಟ್ಸಾರ್ಟನೂ ಶೂಬರ್ಟನೂ ಹುಟ್ಟಿದ ನಾಡು ಅರಬ್ಬೀ ಭೂಪಟದಲ್ಲಿ ಮೂಗರ ದೇಶವೆಂದು ಅಚ್ಚಾಗುತ್ತಿದೆ!

ಅಜಮ್ ಎಂಬ ಪದದ ಮುಂದಿನ ಚರಿತ್ರೆ ಇನ್ನೂ ಸ್ವಾರಸ್ಯವಾಗಿದೆ. ಒಂದೇ ಆಕಾರದ ಅಕ್ಷರಗಳಿಗೆ ಚುಕ್ಕೆಗಳನ್ನಿಟ್ಟು ಅಸ್ಪಷ್ಟತೆಯನ್ನು ತೊಲಗಿಸುವ ಕೆಲಸಕ್ಕೆ ಅದೇ ಧಾತುವಿನಿಂದ ಪದ ಹುಟ್ಟಿತು. ಅದರಿಂದ ‘ಮುಅಜಮ್’ ಎಂಬುದು ನಿಘಂಟಿನ ಹೆಸರಾಯಿತು. ಅರಬ್ಬೀ ವ್ಯಾಕರಣಕ್ಕೆ ಅಡಿಗಲ್ಲನ್ನು ಹಾಕಿದ ಸೀಬವೈಹಿಯೇ ಒಬ್ಬ ಅಜಮ್ ಎಂಬುದನ್ನೂ ಮರೆಯಲಾಗದು.

ಎರಡು ನಾಲಗೆಗಳ ನಡುವೆ ನಿಂತವನಿಗೆ ಮಾತ್ರ ಎಲ್ಲರೂ ಗೌರವದ ಹೆಸರನ್ನು ಕೊಟ್ಟಿದ್ದಾರೆ. ಅರಬ್ಬಿಯಲ್ಲಿ ಅವನು ‘ತರ್ಜುಮಾನ್’. ಸುಮಾರು 3900 ವರ್ಷಗಳ ಹಿಂದೆ ಅನಾತೋಲಿಯದಲ್ಲಿ ವ್ಯಾಪಾರ ಮಾಡುತ್ತಿದ್ದ ಅಸ್ಸೀರಿಯದ ವರ್ತಕರ ಮಣ್ಣಿನ ಹಲಗೆಗಳಲ್ಲಿಯೇ ‘ತರ್ಗುಮನ್ನುಮ್’ ಎಂದು ಈ ಪದ ಕಾಣಿಸುತ್ತದೆ. ಗ್ರೀಕ್, ಇಟಾಲಿಯನ್ನುಗಳ ಮೂಲಕ ಇಂಗ್ಲಿಷಿಗೆ ಹೋಗಿ ಅದು ‘ಡ್ರಾಗೊಮನ್’ ಆಯಿತು. ಪಾರಸಿಯ ದಾರಿಯಲ್ಲಿ ನಮ್ಮ ಕಚೇರಿಗಳಿಗೆ ಬಂದು ‘ತರ್ಜುಮೆ’ ಆಯಿತು. ಇಷ್ಟು ಹಳೆಯ ಪದವೊಂದು ಸರ್ಕಾರಿ ಕಾಗದದ ಮೂಲೆಯಲ್ಲಿ ಕುಳಿತಿರುವುದು ಎಷ್ಟು ಜನ ಗುಮಾಸ್ತರಿಗೆ ಗೊತ್ತು?

ಪರದೇಶದವನನ್ನು ಮೂಗನೆಂದರೆ ಅವನು ತನ್ನ ಊರಿಗೆ ಹೋಗಿ ನಕ್ಕಾನು. ಹೊಡೆತ ನಿಜವಾಗಿ ಬೀಳುವುದು ನಮ್ಮ ನಡುವೆಯೇ ಇದ್ದು ನಮ್ಮಂತೆ ಮಾತನಾಡಲಾರದವರ ಮೇಲೆ. ಇಂಗ್ಲಿಷಿನ ‘ಡಂಬ್’ ಎಂಬುದಕ್ಕೆ ಮೊದಲಿದ್ದ ಅರ್ಥ ಮಾತಿಲ್ಲದವನು ಎಂಬುದಷ್ಟೆ. ಅದರ ಜರ್ಮನ್ ಸೋದರಪದವಾದ ‘ಡುಮ್’ ದಡ್ಡನೆಂಬ ಅರ್ಥಕ್ಕೆ ಜಾರಿತು, ಇಂಗ್ಲಿಷೂ ಅದೇ ದಾರಿಯನ್ನು ಹಿಡಿಯಿತು. ಕಿವುಡರಾಗಿ ಹುಟ್ಟಿದ ಮಕ್ಕಳನ್ನು ಶತಮಾನಗಳ ಕಾಲ ಬುದ್ಧಿಯಿಲ್ಲದವರೆಂದು ಎಣಿಸಿ ಪಾಠಶಾಲೆಯಿಂದ ದೂರವಿಟ್ಟುದಕ್ಕೆ ಇಂಥ ಪದಗಳ ಪಾಲು ಎಷ್ಟೆಂದು ಅಳೆಯುವ ಮಾಪಕ ನಮ್ಮ ಪ್ರಯೋಗಶಾಲೆಯಲ್ಲಿಲ್ಲ. ಕೈಸನ್ನೆಯ ಭಾಷೆಯು ಸಂಜ್ಞೆಗಳ ಬರಿಯ ರಾಶಿಯಲ್ಲ, ತನ್ನದೇ ಕಟ್ಟುಪಾಡುಗಳುಳ್ಳ ನಿಜವಾದ ಭಾಷೆ ಎಂಬುದನ್ನು ಅಮೆರಿಕದ ವಿಲಿಯಂ ಸ್ಟೋಕಿ ತೋರಿಸಿಕೊಟ್ಟುದು 1960ರಷ್ಟು ಈಚೆಗೆ. ಅದರಲ್ಲಿಯೂ ಹರಕವಿದೆ, ಸುಕೂನ್ ಇದೆ. ಗಾಳಿಯ ಅಲೆ ಮಾತ್ರ ಇಲ್ಲ.

ತೊದಲುವವರ ಪಾಡೂ ಹೆಚ್ಚು ಬೇರೆಯಲ್ಲ. ‘ಸ್ಟ್ಯಾಮರ್’ ಎಂಬುದು ತಡೆದು ನಿಲ್ಲುವುದಕ್ಕೆ ಸಂಬಂಧಿಸಿದ ಧಾತುವಿನದು. ‘ಸ್ಟಟರ್’ ಎಂಬುದು ಬಡಿಯುವುದಕ್ಕೆ ಸೇರಿದುದು. ಅರಬ್ಬಿಯಲ್ಲಿ ಯಾವ ಅಕ್ಷರದ ಮೇಲೆ ನಾಲಗೆ ಸಿಕ್ಕಿಕೊಳ್ಳುತ್ತದೆಯೋ ಅದನ್ನೇ ಹೆಸರಾಗಿ ಮಾಡಿದ್ದಾರೆ: ತಕಾರದಲ್ಲಿ ಸಿಕ್ಕಿಕೊಳ್ಳುವವನು ‘ತಅತಾ’, ಫಕಾರದಲ್ಲಿ ಸಿಕ್ಕಿಕೊಳ್ಳುವವನು ‘ಫಅಫಾ’. ಇಂಗ್ಲಿಷಿನಲ್ಲಿ ಸಕಾರವನ್ನು ಹೇಳಲಾರದ ದೋಷಕ್ಕೆ ‘ಲಿಸ್ಪ್’ ಎಂದು ಹೆಸರು. ಆ ದೋಷವುಳ್ಳವನು ಅದರ ಹೆಸರನ್ನೇ ಹೇಳಲಾರನು. ಹೀಗೆ ಹೆಸರಿಟ್ಟವರ ಜಾಣತನವನ್ನು ಮೆಚ್ಚಬಹುದು, ಕರುಣೆಯನ್ನು ಮೆಚ್ಚುವಂತಿಲ್ಲ. ಬೆಳೆದವರಲ್ಲಿ ನೂರಕ್ಕೆ ಸುಮಾರು ಒಬ್ಬರಿಗೆ ಉಗ್ಗು ಇರುತ್ತದೆ. ಚಿಕ್ಕಂದಿನಲ್ಲಿ ನೂರಕ್ಕೆ ಸುಮಾರು ಐದು ಮಕ್ಕಳು ಉಗ್ಗುತ್ತಾರೆ, ಅವರಲ್ಲಿ ಬಹುಮಂದಿಗೆ ಅದು ತಾನಾಗಿ ಬಿಟ್ಟುಹೋಗುತ್ತದೆ. ಅದಕ್ಕೂ ಬುದ್ಧಿಗೂ ಸಂಬಂಧವಿಲ್ಲ, ಹೆದರಿಕೆಯೇ ಕಾರಣವೂ ಅಲ್ಲ. ವಂಶದಲ್ಲಿ ಹರಿದುಬರುವ ಅಂಶವು ಅದರಲ್ಲಿದೆಯೆಂದು ಬಹುಕಾಲದಿಂದ ತಿಳಿದಿತ್ತು. ಉಗ್ಗು ತಲೆಮಾರಿನಿಂದ ತಲೆಮಾರಿಗೆ ಬಂದ ಪಾಕಿಸ್ತಾನದ ಮನೆತನಗಳಿಂದ ಆರಂಭಿಸಿದ ಸಂಶೋಧನೆಯೊಂದು 2010ರಲ್ಲಿ ಕೆಲವು ವಂಶವಾಹಿಗಳನ್ನು ಗುರುತಿಸಿತು. ಉಗ್ಗುವವನು ಹಾಡುವಾಗಲೋ ಇತರರೊಡನೆ ಒಟ್ಟಾಗಿ ಪಠಿಸುವಾಗಲೋ ಸರಾಗವಾಗಿ ನುಡಿಯುವುದನ್ನು ನೀವೂ ಗಮನಿಸಿರಬಹುದು. ಇಂಥವರಿಗೆ ನೆರವಾಗುವುದಕ್ಕೂ ಈ ವಿದ್ಯೆಯನ್ನು ಕಲಿಸುವುದಕ್ಕೂ ಮೈಸೂರಿನಲ್ಲಿ 1966ರಿಂದ ಅಖಿಲ ಭಾರತ ವಾಕ್ ಮತ್ತು ಶ್ರವಣ ಸಂಸ್ಥೆಯಿದೆ. ತರಗತಿಯಲ್ಲಿ ಸರಿಯಾದ ಉತ್ತರ ತಿಳಿದಿದ್ದರೂ ಮೊದಲ ಅಕ್ಷರಕ್ಕೆ ಹೆದರಿ ‘ಗೊತ್ತಿಲ್ಲ ಸಾರ್’ ಎಂದು ಕುಳಿತುಬಿಡುವ ಹುಡುಗರನ್ನು ನಾನು ಕಂಡಿದ್ದೇನೆ. ಅವರ ಉತ್ತರಪತ್ರಿಕೆಗಳನ್ನೂ ಕಂಡಿದ್ದೇನೆ.

9ನೆಯ ಶತಮಾನದ ಬಸ್ರಾದ ಲೇಖಕ ಜಾಹಿಜ್ ಮಾತಿನ ದೋಷಗಳ ಒಂದು ಪಟ್ಟಿಯನ್ನು ಕೊಟ್ಟಿದ್ದಾನೆ. ಕ, ಸ, ಲ, ರ ಎಂಬ ನಾಲ್ಕು ಅಕ್ಷರಗಳು ನಾಲಗೆಗೆ ಹೆಚ್ಚಾಗಿ ತೊಡಕಾಗುತ್ತವೆಂದು ಆತನ ಎಣಿಕೆ. ಇಲ್ಲಿ ಕಕಾರವೆಂದರೆ ಗಂಟಲಿನ ಆಳದಲ್ಲಿ ಹುಟ್ಟುವ ‘ಕಾಫ್’. ಇವುಗಳಲ್ಲಿ ರಕಾರದ ಗುಣಕ್ಕೆ ಅರಬ್ಬೀ ವೈಯಾಕರಣರು ಇಟ್ಟ ಹೆಸರು ‘ತಕ್ರೀರ್’, ಪುನರಾವರ್ತನೆ. ನಾಲಗೆಯ ತುದಿ ಒಂದು ಸಲವಲ್ಲ, ಸೆಕೆಂಡಿಗೆ ಇಪ್ಪತ್ತು ಮೂವತ್ತರ ವೇಗದಲ್ಲಿ ಹಲ್ಲಿನ ಹಿಂದಿನ ದಿಂಡನ್ನು ತಟ್ಟುತ್ತದೆ. ಪ್ರತಿಯೊಂದು ತಟ್ಟನ್ನೂ ಸ್ನಾಯು ಬೇರೆಬೇರೆಯಾಗಿ ಮಾಡುವುದಿಲ್ಲ. ಗಾಳಿಗೆ ಬಾವುಟ ಪಟಪಟಿಸುವಂತೆ ಉಸಿರಿನ ಒತ್ತಡವೇ ಅದನ್ನು ಆಡಿಸುತ್ತದೆ. ನಾಲಗೆಯ ಬಿಗಿಯೂ ಉಸಿರಿನ ಒತ್ತಡವೂ ಸರಿಯಾಗಿ ಕೂಡಿಬರಬೇಕಾದುದರಿಂದಲೇ ಮಕ್ಕಳಿಗೆ ಅದು ತಡವಾಗಿ ಬರುತ್ತದೆ. ಇದೇ ಧಾತುವಿನ ‘ತಕ್ರಾರ್’ ಎಂಬ ಪದ, ಹೇಳಿದ್ದನ್ನೇ ಹೇಳುವುದು ಎಂಬ ಅರ್ಥದಿಂದ ಜಗಳಕ್ಕೆ ತಿರುಗಿ, ಕನ್ನಡದಲ್ಲಿ ‘ತಕರಾರು’ ಆಗಿ ನಿಂತಿದೆ.

ರಕಾರದೊಡನೆ ಹೀಗೆ ತಕರಾರಿದ್ದವನು ವಾಸಿಲ್ ಇಬ್ನ್ ಅತಾ. 748ರಲ್ಲಿ ತೀರಿಕೊಂಡ ಈತನು ಮುಅತಜಿಲ ಎಂಬ ವಿಚಾರಪಂಥದ ಸ್ಥಾಪಕನೆಂದು ಹೆಸರಾದವನು. ಸಭೆಗಳಲ್ಲಿ ವಾದಿಸಬೇಕಾದವನು, ಆದರೆ ನಾಲಗೆಗೆ ರಕಾರ ಬಾರದು. ಆತನು ಮೌನವ್ರತವನ್ನು ಹಿಡಿಯಲಿಲ್ಲ. ರಕಾರವಿರುವ ಪದಗಳನ್ನೆಲ್ಲ ತನ್ನ ಮಾತಿನಿಂದ ಹೊರಹಾಕಿದನು. ಗೋಧಿಗೆ ‘ಬುರ್ರ್’ ಎನ್ನಬೇಕಾದೆಡೆ ‘ಕಮ್ಹ್’ ಎಂದನು. ಮಳೆಗೆ ‘ಮತರ್’ ಎನ್ನದೆ ‘ಗೈಸ್’ ಎಂದನು. ಕೇಳುವವರಿಗೆ ಕೊರತೆಯೇ ತಿಳಿಯುತ್ತಿರಲಿಲ್ಲವೆಂದು ಜಾಹಿಜ್ ಆಶ್ಚರ್ಯಪಡುತ್ತಾನೆ. ಒಂದು ರಕಾರವೂ ಇಲ್ಲದ ಇಡೀ ಉಪನ್ಯಾಸವೊಂದು ವಾಸಿಲನ ಹೆಸರಿನಲ್ಲಿ ಇಂದಿಗೂ ಉಳಿದುಬಂದಿದೆ. ಎಷ್ಟು ಕಷ್ಟವೆಂದು ತಿಳಿಯಬೇಕಾದವರು ಕನ್ನಡದಲ್ಲಿ ಐದು ನಿಮಿಷ ಹಾಗೆ ಮಾತನಾಡಿ ನೋಡಬೇಕು. ಮರವಿಲ್ಲ, ನೀರಿಲ್ಲ, ಊರಿಲ್ಲ. ‘ಅವರು ಬಂದರು’ ಎಂದು ಯಾರಿಗೂ ಮರ್ಯಾದೆ ಕೊಡುವಂತಿಲ್ಲ.